ಮರೆಯ ಹಿಂದಿನ ದಾಳ

ಮೂಗೂರು
7 ಅಕ್ಟೋಬರ್ 2024

ಕಾಂತು,

ಇನ್ನು ಮೇಲೆ ನನ್ನ ಆಟ ಏನಿದ್ದರೂ ಕಾಗದದಲ್ಲಿ. ಫೋನು ಅಮ್ಮನ ವಶವಾಗಿದೆ.

ನಿನ್ನೆ ನೀವು ಮೂವರೂ ನಂಜನಗೂಡಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತಿದ್ದಿರಿ, ನಾನೊಬ್ಬಳು ಇಲ್ಲಿ ತವರಿನಲ್ಲಿ ಫೋನ್ ಹಿಡಿದು ಮಲಗಿದ್ದೆ. ‘ನಾನು ಸತ್ತರೂ ಪರವಾಗಿಲ್ಲ, ಮೊದಲು ಅವನ ಕುತ್ತಿಗೆಗೆ ಹೊಡೀರಿ’ ಎಂದು ಕಿರುಚಿದೆನಲ್ಲ, ಅದು ನಿಮಗೆ ಮರಳರಸನ ಜೊತೆಗಿನ ಕಾಳಗ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮನಿಗೆ ಅದು ಏಳು ತಿಂಗಳ ಬಸುರಿ ಮಗಳು ಸಾಯುತ್ತೇನೆ ಅಂದ ಮಾತು. ಮೊರ ಅಲ್ಲೇ ಬಿತ್ತು.

‘ಅಯ್ಯೋ ನಿನ್ ಬಾಯ್ಗೆ ಬೇವಿನ್ ಸೊಪ್ಪಾಕ! ಒಟ್ಟೇಲಿ ಮಗ ಮಡಿಕೊಂಡು ಸಾಯಾದು ಕೊಲ್ಲಾದು ಅಂತೀಯಲ್ಲ, ನಿಂಗೇನು ಬಂದಿರಾದು?’

ಕೂರಿಸಿಕೊಂಡು ವಿವರಿಸಿದೆ. ಅಮ್ಮ, ಇದು ಕಥೆ ಕಟ್ಟುವ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ. ನಮ್ಮ ಗೆಳೆಯ ನಾಗೇಂದ್ರ ಬಿಳಿಗಿರಿ ಅನ್ನುವ ಕಂಸಾಳೆ ವೀರ, ಕೋಮಲ ಬಿಲ್ಲುಗಾರ್ತಿ, ನಾನು ಕಪಿಲಿ, ಗಾಯ ವಾಸಿ ಮಾಡುವ ದೋಣಿಯವಳು. ಆಟ ನಡೆಸುವವರು, ಮರಳರಸನಂಥ ವೈರಿಗಳನ್ನೆಲ್ಲ ಆಡಿಸುವವರು ‘ಅವರು’. ಏಟು ತಾಗಿತೋ ಇಲ್ಲವೋ ಅಂತ ಅವರು ಎಲ್ಲರ ಪರವಾಗಿ ಉರುಳಿಸುವ ದಾಳ ಹೇಳುತ್ತದೆ ಎಂದೆ. (ಅಮ್ಮನ ಎದುರು ನೀನು ‘ಅವರು’. ಮೈಸೂರಿನ ಕಾಲೇಜಿನಲ್ಲಿ ಇದೇ ಆಟದ ಮೇಜಿನಲ್ಲಿ ನಿನ್ನನ್ನು ಎಷ್ಟು ಸಲ ‘ಲೋ’ ಅಂದಿದ್ದೇನೆ ಅಂತ ಅವಳಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು.) ಅಮ್ಮ ಎಲ್ಲ ಕೇಳಿ, ‘ಮೇಷ್ಟ್ರಾಗಿ ಅಳಿಯಂದ್ರಿಗೂ ಬುದ್ಧಿ ಬ್ಯಾಡ್ವಾ’ ಎಂದು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸಂಜೆ ನೀನು ಮಾಡಿದಾಗ ಸ್ಪೀಕರಿನಲ್ಲಿ ಊಟ ಆಯ್ತಾ, ಮಾತ್ರೆ ಆಯ್ತಾ ಅಷ್ಟೆ. ಉಳಿದದ್ದಕ್ಕೆ ಈ ಕಾಗದ. ದೊಡ್ಡಪ್ಪನ ಮಗ ಪ್ರಸಾದ್ ದಿನಾ ನಂಜನಗೂಡಿನ ಫ್ಯಾಕ್ಟರಿಗೆ ಬೈಕಿನಲ್ಲಿ ಬರುತ್ತಾನಲ್ಲ, ಅವನೇ ನಮ್ಮ ಅಂಚೆ.

ಈಗ ಜಗಳಕ್ಕೆ ಬರುತ್ತೇನೆ. ಬಿಳಿಗಿರಿಗೆ ಪ್ರಾಣ ಮೂರೇ ಉಳಿದಿದೆ. ಕಪಿಲಿಯ ಶಕ್ತಿ ‘ಉಸಿರು ಹಂಚುವುದು’. ತನ್ನ ಪ್ರಾಣದಿಂದ ತೆಗೆದು ಬಿದ್ದವರಿಗೆ ಕೊಡಬಲ್ಲಳು. ಆದರೆ ಮುಟ್ಟುವಷ್ಟು ಹತ್ತಿರ ಇರಬೇಕು. ಆ ನಿಯಮ ಬರೆದವನು ನೀನು. ಹಾಗಿದ್ದೂ ಪ್ರತಿ ಕಾಳಗದಲ್ಲೂ ನನ್ನನ್ನು ಹಿಂದಿನ ಸಾಲಿನಲ್ಲಿ ದೋಣಿ ಕಾಯಲು ನಿಲ್ಲಿಸುತ್ತೀಯ. ಈ ಸಲ ನಾನು ಮುಂದೆ ಹೋಗುತ್ತೇನೆ.

ಅಂದ ಹಾಗೆ, ಡಾಕ್ಟರಮ್ಮ ಹೇಳಿದ್ದು ಸ್ವಲ್ಪ ರೆಸ್ಟ್ ತಗೊಳ್ಳಲಿ ಅಂತಷ್ಟೆ ತಾನೆ? ಅಮ್ಮ ನಾನು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಲ್ಲುತ್ತಾಳೆ. ಬಿಂದಿಗೆ ಮುಟ್ಟಿದರೆ ಕೂಗಾಡುತ್ತಾಳೆ. ಯಾಕೆ?

ಹಿಂದಿನ ಸಾಲಿನಲ್ಲಿ ನಿಂತು ಸಾಕಾದ,
ಪವಿ


ನಂಜನಗೂಡು
14 ಅಕ್ಟೋಬರ್ 2024

ಪವಿ,

ನಿನ್ನೆ ಆಟಕ್ಕಿಂತ ಜಗಳವೇ ಹೆಚ್ಚಾಯಿತು. ನಾಗೇಂದ್ರ ಹೊಸ ವಾದ ತಂದಿದ್ದ. ‘ಕಂಸಾಳೆಗೆ ದಾರ ಐತೆ ಕಣ್ಲಾ. ಎಸುದ್ರೆ ತಿರುಗಿ ಕೈಗೇ ಬತ್ತದೆ. ಅದ್ಕೇ ಒಂದ್ ಸರದೀಲಿ ಎರಡೇಟು ನಂದು.’ ಕೋಮಲ ಬಿಟ್ಟಾಳೆಯೇ? ‘ಹಂಗಾದ್ರೆ ನನ್ ಬಾಣಕ್ಕೂ ದಾರ ಕಟ್ಕೋತೀನಿ ಬಿಡಿ’ ಎಂದಳು. ಕೊನೆಗೆ ದಾರ ಇದ್ದರೂ ಏಟು ಒಂದೇ, ಆದರೆ ಆಯುಧ ಕಳೆದುಹೋಗುವುದಿಲ್ಲ ಎಂದು ತೀರ್ಮಾನಿಸಿದೆ. ಇಬ್ಬರೂ ಮುಖ ಊದಿಸಿಕೊಂಡೇ ನಾನು ಮಾಡಿದ ಉಪ್ಪಿಟ್ಟು ತಿಂದರು.

ನಿನ್ನ ವಿಷಯ. ಕಪಿಲಿ ಮುಂದೆ ಬರುವುದು ಬೇಡ. ಅವಳು ದೋಣಿಯಲ್ಲಿದ್ದರೆ ನೀರಿನ ಕವಚ ಇರುತ್ತದೆ, ತಲಕಾಡಿನ ಮರಳಿಗೆ ಕಾಲಿಟ್ಟರೆ ಇಲ್ಲ. ಮರಳರಸನ ಒಂದೇಟಿಗೆ ಅವಳ ಅರ್ಧ ಪ್ರಾಣ ಹೋಗುತ್ತದೆ. ಆದರೂ ನೀನು ಹೇಳಿದಂತೆ ಒಂದು ಹೆಜ್ಜೆ ಮುಂದಿಟ್ಟಳು ಎಂದೇ ಲೆಕ್ಕ ಹಿಡಿದೆ. ಅವನು ಹೊಡೆದ. ನೀನು ತಪ್ಪಿಸಿಕೊಂಡೆಯೋ ಎಂದು, ಎಂದಿನಂತೆ ಯಾರಿಗೂ ಕಾಣದ ಹಾಗೆ ರಟ್ಟಿನ ಮರೆಯ ಹಿಂದೆ, ಇಪ್ಪತ್ತು ಮುಖದ ದಾಳ ಉರುಳಿಸಿದೆ. ಹದಿನೇಳು! ಏಟು ಮರಳಿಗೆ ಬಿತ್ತು. ಕೋಮಲ ಚಪ್ಪಾಳೆ ತಟ್ಟಿದಳು. ಸದ್ಯಕ್ಕೆ ಅಷ್ಟು ಸಾಕು, ಮತ್ತೆ ಹಿಂದಕ್ಕೆ ಹೋಗು.

ಡಾಕ್ಟರಮ್ಮ ಹೇಳಿದ್ದು ಅಷ್ಟೆ, ರೆಸ್ಟ್. ಎಲ್ಲ ಸರಿಯಿದೆ ಅಂದರು. ಅತ್ತೆ ಸ್ವಭಾವವೇ ಹಾಗೆ ಅಂತ ನಿನಗೆ ಗೊತ್ತಿಲ್ಲವೆ? ಹೋದ ಸಲ ಹಾಗಾಯಿತಲ್ಲ, ಅದಕ್ಕೆ ಹೆದರಿಕೊಂಡಿದ್ದಾರೆ. ಅವರು ಹೇಳಿದ ಹಾಗೆ ಕೇಳು. ಬಿಂದಿಗೆ ಮುಟ್ಟಬೇಡ. ಮೆಟ್ಟಿಲು ಹತ್ತಬೇಡ. ಎಡಮಗ್ಗುಲಿಗೆ ಮಲಗು. ಏನೇ ಆದರೂ ಅತ್ತೆಗೆ ಹೇಳು.

ಏನೂ ಆಗುವುದಿಲ್ಲ, ಸುಮ್ಮನೆ ಬರೆದೆ.

ನಿನ್ನ
ಕಾಂತು


ಮೂಗೂರು
18 ಅಕ್ಟೋಬರ್ 2024

ಕಾಂತು,

ಹದಿನೇಳು. ಒಳ್ಳೆಯದೇ ಬಿಡು.

ಆದರೆ ನಿಯಮಕ್ಕೆ ಬರೋಣ. ನೀರಿನ ಕವಚ ದೋಣಿಯದ್ದಲ್ಲ, ಕಪಿಲಿಯದು. ನಾವು ಪಾತ್ರ ಕಟ್ಟಿದ ದಿನ ನೀನೇ ಹೇಳಿದ್ದೆ, ‘ಇವಳು ಹೊಳೆಯಲ್ಲಿ ಹುಟ್ಟಿದವಳು, ನೀರು ಇವಳ ಮೈಯಲ್ಲೇ ಇದೆ’ ಅಂತ. ನಾನು ಮುಂದೆ ಹೋಗುತ್ತೇನೆ ಅಂದ ಮೇಲೆ ನಿನಗೆ ದೋಣಿ ನೆನಪಾಯಿತೇ? ಕವಚವನ್ನು ಕಿತ್ತುಕೊಂಡು, ಆಮೇಲೆ ಕವಚ ಇಲ್ಲ ಬರಬೇಡ ಅನ್ನುವುದು ಯಾವ ನ್ಯಾಯ? ನಾಗೇಂದ್ರನ ದಾರಕ್ಕೆ ಒಂದು ಗಂಟೆ ವಾದ ಕೇಳಿದವನು ನನ್ನ ಕವಚವನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಕೋಪ ಬರುತ್ತದೆ ಕಣೋ.

ಇನ್ನೊಂದು ಮಾತು. ಕಪಿಲಿಗೆ ಪೂರ್ತಿ ಉಸಿರು ಕೊಡುವ ಹಕ್ಕಿದೆ, ಇಡೀ ಆಟದಲ್ಲಿ ಒಂದೇ ಸಲ. ಸತ್ತವರೂ ಎದ್ದು ಕೂರುತ್ತಾರೆ. ಕೊಟ್ಟ ಮೇಲೆ ಅವಳು ದಾಳ ಉರುಳಿಸಬೇಕು, ಹತ್ತಕ್ಕಿಂತ ಮೇಲೆ ಬಿದ್ದರೆ ಬದುಕು. ಬಿಳಿಗಿರಿ ಸತ್ತರೆ ನಾನು ಅದನ್ನು ಮಾಡುತ್ತೇನೆ. ಈಗಲೇ ಬರೆದು ಕೊಟ್ಟಿದ್ದೇನೆ, ಆಮೇಲೆ ಕಾಗದ ತಡವಾಯಿತು ಅನ್ನಬೇಡ.

ನೀನು ದಸರಾ ರಜೆಯಲ್ಲಿ ಬಂದಾಗ ಮಾತಾಡಬೇಕೆಂದಿದ್ದೆ. ನೀನು ಹಜಾರದಲ್ಲಿ ನೆಂಟರ ಮಧ್ಯೆ ಕೂತು ಟೀ ಕುಡಿದು, ಅಮ್ಮನ ಜೊತೆ ಹಿತ್ತಿಲಿನಲ್ಲಿ ಏನೋ ಪಿಸುಪಿಸು ಮಾತಾಡಿ ಹೊರಟೆ. ನಾನು ಬಂದ ಕೂಡಲೇ ಇಬ್ಬರೂ ಕರಿಬೇವಿನ ಗಿಡ ನೋಡತೊಡಗಿದಿರಿ. ಆ ಗಿಡದಲ್ಲಿ ಅಂಥದ್ದೇನಿದೆ?

ಮಗು ಇವತ್ತು ತುಂಬ ಒದೆಯುತ್ತಿದೆ. ಕಾಳಗದ ವಿಷಯ ಬರೆಯುವಾಗಲೇ ಹೆಚ್ಚು. ನಿನ್ನ ಹಾಗಲ್ಲ, ನನ್ನ ಹಾಗೆ.

ಪವಿ


ನಂಜನಗೂಡು
28 ಅಕ್ಟೋಬರ್ 2024

ಪವಿ,

ಕವಚದ ವಾದ ಒಪ್ಪಿದೆ. ನಾಗೇಂದ್ರ, ಕೋಮಲ ಇಬ್ಬರೂ ನಿನ್ನ ಪರ ನಿಂತರು. ‘ಯಾಕ್ಲಾ ಅವ್ಳನ್ನ ಗಾಜಿನ ಬಳೆ ಮಾಡ್ಬುಟ್ಟೆ?’ ಎಂದು ನಾಗೇಂದ್ರ ನನ್ನನ್ನು ಜರೆದ.

ಆದರೆ ಪೂರ್ತಿ ಉಸಿರು ಕೊಡುವುದು ಬೇಡ. ಅದಕ್ಕೆ ನಾನು ಒಪ್ಪುವುದಿಲ್ಲ. ಆ ನಿಯಮವನ್ನೇ ತೆಗೆದುಹಾಕುತ್ತೇನೆ. ಬರೆದಾಗ ಯೋಚಿಸಿರಲಿಲ್ಲ, ಈಗ ನೋಡಿದರೆ ಅದು ಕೆಟ್ಟ ನಿಯಮ. ಆಟ ಅಂದ ಮೇಲೆ ಎಲ್ಲರೂ ಮನೆಗೆ ವಾಪಸು ಬರಬೇಕು.

ನಿನ್ನೆ ಮರಳರಸ ಕಪಿಲಿಯ ಮೇಲೆಯೇ ಎರಗಿದ. ದಾಳ ಉರುಳಿಸಿದೆ, ಹತ್ತೊಂಬತ್ತು. ನಿನ್ನ ಅದೃಷ್ಟ ನೋಡು! ಬಿಳಿಗಿರಿಗೂ ಏನೂ ಆಗಲಿಲ್ಲ. ಹಾಗಾಗಿ ನೀನು ಯಾರಿಗೂ ಉಸಿರು ಕೊಡುವ ಅಗತ್ಯ ಬರಲಿಲ್ಲ.

ಬುಧವಾರದಿಂದ ದೀಪಾವಳಿ. ಪಟಾಕಿ ಸದ್ದಿಗೆ ಬೆಚ್ಚಿಬೀಳಬೇಡ, ಕಿಟಕಿ ಹಾಕಿಸಿಕೋ. ಮಾತ್ರೆ ತಪ್ಪಿಸಬೇಡ. ನಾನು ಪಾಠ ಮಾಡುತ್ತಾ ಬೋರ್ಡಿನ ಮೇಲೆ ತಪ್ಪು ತಪ್ಪು ಲೆಕ್ಕ ಬರೆಯುತ್ತಿದ್ದೇನಂತೆ. ಹತ್ತನೇ ಕ್ಲಾಸಿನ ಹುಡುಗಿಯರು ನಗುತ್ತಾರೆ.

ಕರಿಬೇವಿನ ಗಿಡಕ್ಕೆ ಹುಳ ಬಿದ್ದಿದೆ ಎಂದರು ಅತ್ತೆ. ಅಷ್ಟೆ.

ಕಾಂತು


ಮೂಗೂರು
4 ನವೆಂಬರ್ 2024

ಕಾಂತರಾಜು,

ನಮ್ಮ ಮನೆಯಲ್ಲಿ ಇಪ್ಪತ್ತು ಮುಖದ ದಾಳ ಇರುವುದು ಒಂದೇ. ಹಸಿರು ಬಣ್ಣದ್ದು, ಒಂದು ಮೂಲೆ ಸೀಳಿದೆ. ಅದು ನನ್ನ ಬಳೆಯ ಡಬ್ಬಿಯಲ್ಲಿದೆ. ಹೊರಡುವ ದಿನ, ಯಾಕೋ ನಿಮ್ಮನ್ನೆಲ್ಲ ಬಿಟ್ಟು ಬರುವುದಕ್ಕೆ ಸಂಕಟವಾಗಿ, ಎತ್ತಿ ಹಾಕಿಕೊಂಡು ಬಂದಿದ್ದೆ. ಅಲ್ಲಿ ಹುಡುಕಾಡಿ ಬೈಯುತ್ತೀರೇನೋ ಎಂದುಕೊಂಡಿದ್ದೆ. ನೀನು ಹುಡುಕಲೇ ಇಲ್ಲ.

ಹದಿನೇಳು ಅಂದಾಗ ಹೊಸದು ಕೊಂಡಿರಬಹುದು ಅಂದುಕೊಂಡೆ. ಹತ್ತೊಂಬತ್ತು ಅಂದಾಗ ನಂಬಲಾಗಲಿಲ್ಲ. ಪ್ರಸಾದನ ಕೈಲಿ ನಾಗೇಂದ್ರನನ್ನು ಕೇಳಿಸಿದೆ. ‘ಮರೆ ಹಿಂದೆ ಏನೋ ಉರುಳೋ ಸದ್ದು ಕೇಳ್ತದೆ ಕಣಪ್ಪ, ಅವ್ನು ನಂಬರ್ ಹೇಳ್ತಾನೆ, ನಾವ್ ನಂಬ್ತೀವಿ’ ಅಂದನಂತೆ. ನಮ್ಮ ಮದುವೆ ಕಾರ್ಡಿನ ರಟ್ಟಿನಲ್ಲಿ ಮಾಡಿದ ಮರೆ ಅದು. ಅದರ ಹಿಂದೆ ಕೂತು ನೀನು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದೆ.

ಆಟದಲ್ಲಿ ಸುಳ್ಳು ಹೇಳಿದೆ ಅಂತ ಅಳುವಷ್ಟು ಚಿಕ್ಕವಳಲ್ಲ ನಾನು. ನನ್ನ ಹೆದರಿಕೆ ಬೇರೆ. ಸ್ಕ್ಯಾನಿಂಗ್ ಆದ ದಿನ ನಾನು ಸೀರೆ ಸರಿಮಾಡಿಕೊಳ್ಳುವಾಗ ಡಾಕ್ಟರಮ್ಮ ನಿನ್ನನ್ನೂ ಅಮ್ಮನನ್ನೂ ಹೊರಗೆ ಕರೆದರು. ಬಂದು ‘ಎಲ್ಲ ಸರಿಯಿದೆ’ ಅಂದೆ. ಹದಿನೇಳು ಅಂದ ಹಾಗೆಯೇ ಅಂದೆ. ಅದೂ ಮರೆಯ ಹಿಂದಿನ ಮಾತೇ?

ಮೊನ್ನೆ ಹಬ್ಬದ ದಿನ ಒಂಚೂರು ರಕ್ತದ ಕಲೆ ಕಂಡಿತು. ನಿನ್ನೆ ಮತ್ತೆ. ನೋವಿಲ್ಲ. ಅಮ್ಮನಿಗೆ ಹೇಳಿದರೆ ಮನೆ ಮೇಲೆ ಕೆಳಗೆ ಮಾಡುತ್ತಾಳೆ, ನೀನೇ ಎಲ್ಲ ಸರಿಯಿದೆ ಅಂದಿದ್ದೀಯಲ್ಲ ಎಂದು ಸುಮ್ಮನಿದ್ದೇನೆ. ಸುಮ್ಮನಿರಬಹುದು ತಾನೆ? ನಿಜ ಹೇಳು.

ಪವಿತ್ರಾ


ಮೈಸೂರು
6 ನವೆಂಬರ್ 2024

ಪವಿ,

ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಗಂಡಸರನ್ನು ಸಂಜೆ ಮಾತ್ರ ಬಿಡುತ್ತಾರೆ. ಬಿಟ್ಟಾಗ ನೀನು ಗೋಡೆಯ ಕಡೆ ತಿರುಗಿ ಮಲಗುತ್ತೀಯ. ಅದಕ್ಕೆ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಓದದೆ ಹರಿದುಹಾಕಬೇಡ.

ನಿನ್ನ ಕಾಗದವನ್ನು ಪ್ರಸಾದ್ ಸ್ಕೂಲಿನ ಗೇಟಿನಲ್ಲಿ ಕೊಟ್ಟ. ಕೊನೆಯ ಸಾಲುಗಳನ್ನು ನಿಂತಲ್ಲೇ ಓದಿದೆ. ಆಮೇಲೆ ಏನು ಮಾಡಿದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ನಿನ್ನ ಫೋನಿಗೆ ಮಾಡಿದೆ, ಬೀರುವಿನಲ್ಲಿತ್ತೇನೋ, ಅತ್ತೆ ಎತ್ತಲಿಲ್ಲ. ಪ್ರಸಾದನ ಬೈಕ್ ಹತ್ತಿದೆ. ದಾರಿಯುದ್ದಕ್ಕೂ, ಬಿಂದಿಗೆ ಮುಟ್ಟಬೇಡ ಎಂದು ಬರೆದವನು ಯಾಕೆ ಮುಟ್ಟಬಾರದು ಎಂದು ಬರೆಯಲಿಲ್ಲವಲ್ಲ ಎಂದು ಬೈದುಕೊಂಡೆ. ಮೂಗೂರಿನಿಂದ ಇಲ್ಲಿಗೆ ಬರುವಾಗ ಕಾರಿನಲ್ಲಿ ನೀನು ನನ್ನ ಕೈ ತಳ್ಳಿ ಅತ್ತೆಯ ಕೈ ಹಿಡಿದೆ. ಅತ್ತೆಗೂ ನನ್ನಷ್ಟೇ ಗೊತ್ತಿತ್ತು, ಅವರೂ ನಿನಗೆ ಹೇಳಿರಲಿಲ್ಲ.

ಡಾಕ್ಟರಮ್ಮ ಅವತ್ತು ಹೇಳಿದ್ದು ಇದು. ಮಾಸು ಇರಬೇಕಾದ ಕಡೆ ಇಲ್ಲ, ಕೆಳಗೆ ಗರ್ಭದ ಬಾಯಿಯ ಮೇಲೆ ಕೂತಿದೆ. ಹೆರಿಗೆ ಆಪರೇಷನ್ನಿನಲ್ಲೇ ಆಗಬೇಕು. ಒಂದು ಹನಿ ರಕ್ತ ಕಂಡರೂ ತಕ್ಷಣ ಕರೆತನ್ನಿ, ತಡವಾದರೆ ತಾಯಿಗೂ ಮಗುವಿಗೂ ಅಪಾಯ. ‘ಪವಿತ್ರಾಗೂ ತಿಳಿಸಿ’ ಎಂದರು. ಅತ್ತೆ ನನ್ನ ಕೈ ಹಿಡಿದು, ‘ಬಸ್ರಿಗೆ ಭಯ ಆಗೋ ಮಾತ ಏಳ್ಬಾರ್ದು ಕಣಪ್ಪಾ, ನಾನ್ ನೋಡ್ಕತೀನಿ, ನಂಜುಂಡೇಶ್ವರನ ಆಣೆ ಮಾಡು’ ಅಂದರು. ಮಾಡಿದೆ. ಅವರ ಮೇಲೆ ಹೊರಿಸುತ್ತಿಲ್ಲ. ಆಣೆ ಕೇಳದಿದ್ದರೂ ನಾನು ಹೇಳುತ್ತಿರಲಿಲ್ಲ. ಹೋದ ಸಲ ಮಗು ಉಳಿದಿಲ್ಲ ಎಂದು ಸ್ಕ್ಯಾನಿಂಗ್ ರೂಮಿನಲ್ಲೇ ನಿನಗೆ ಗೊತ್ತಾಗಿ, ಆಮೇಲೆ ಎಷ್ಟೋ ದಿನ ನೀನು ಬಾಯಿಬಿಡಲಿಲ್ಲ. ಆ ಮನೆಯಲ್ಲಿ ನಾನೊಬ್ಬನೇ ಮಾತಾಡಿಕೊಂಡು ತಿರುಗಿದೆ. ಅದು ಇನ್ನೊಮ್ಮೆ ಬೇಡ ಅನ್ನಿಸಿತು.

ಮರೆಯ ಹಿಂದೆ ಉರುಳಿಸುತ್ತಿದ್ದದ್ದು ಹುಣಸೆ ಬೀಜ.

ನಿನ್ನನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಇನ್ನೆರಡು ದಿನ ನೀನು ಸುಮ್ಮನಿದ್ದಿದ್ದರೆ ನನ್ನ ಕೈಯಾರೆ ನಿನ್ನನ್ನು ಕೊಂದಂತಾಗುತ್ತಿತ್ತು. ಅತ್ತೆಯ ಎದುರು ಹೇಳಬಾರದ ಮಾತು ಇದು, ಆದರೆ ಹೇಳಿಬಿಟ್ಟೆ.

ಕಾಂತು


ಮೈಸೂರು, ಹೆಂಗಸರ ವಾರ್ಡು
8 ನವೆಂಬರ್ 2024

ಕಾಂತು,

ಹುಣಸೆ ಬೀಜವೇ! ಓದಿ ನಗು ಬಂತು, ಅದಕ್ಕೆ ಇನ್ನಷ್ಟು ಕೋಪ ಬಂತು.

ಡಾಕ್ಟರಮ್ಮನನ್ನು ನಾನೇ ಕರೆಸಿದೆ. ಇನ್ನು ಮೇಲೆ ಏನಿದ್ದರೂ ಮೊದಲು ನನಗೆ ಹೇಳಿ ಎಂದೆ. ಮಂಚದ ಮೇಲೆ ಕೂತು ಚಿತ್ರ ಬರೆದು ತೋರಿಸಿದರು. ರಕ್ತ ನಿಂತಿದೆ, ಮತ್ತೆ ಯಾವಾಗ ಬೇಕಾದರೂ ಶುರುವಾಗಬಹುದು, ಹೆಚ್ಚಾದರೆ ಆ ಕ್ಷಣವೇ ಆಪರೇಷನ್. ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟಿದ್ದಾರೆ. ಹೆದರಿಕೆಯಲ್ಲೇ ಎರಡೆರಡು ಸಲ ಕೇಳಿ ತಿಳಿದುಕೊಂಡೆ. ಆದರೆ ಗೊತ್ತಾದ ಮೇಲೆ ರಾತ್ರಿ ನಿದ್ದೆ ಬಂತು, ಮೂಗೂರಿನಲ್ಲಿ ಬರುತ್ತಿರಲಿಲ್ಲ. ಅಲ್ಲಿ ನಿಮ್ಮಿಬ್ಬರ ಮುಖ ನೋಡಿ ನೋಡಿಯೇ ನಾನು ಅರ್ಧ ಸತ್ತಿದ್ದೆ.

ಈಗ ಆಟದ ವಿಷಯ. ನೀನು ಸುಳ್ಳು ಸಂಖ್ಯೆ ಹೇಳಿದ ಎರಡು ಏಟನ್ನೂ ಇಲ್ಲೇ, ಊಟದ ತಟ್ಟೆಯಲ್ಲಿ ಮತ್ತೆ ಉರುಳಿಸಿದೆ. ಪಕ್ಕದ ಮಂಚದ ಮಹದೇವಮ್ಮ ಸಾಕ್ಷಿ. ಒಂಬತ್ತು ಬಿತ್ತು, ಆಮೇಲೆ ನಾಲ್ಕು. ಯಾವುದೂ ಹತ್ತು ದಾಟಲಿಲ್ಲ, ಎರಡೂ ಏಟು ತಾಗಿದವು. ಕಪಿಲಿ ಸತ್ತಳು. ‘ಏನವ್ವಾ ಅದು, ಯಾಕ್ ಅಳ್ತೀಯೇ?’ ಎಂದು ಮಹದೇವಮ್ಮ ಕೇಳಿದರು. ಒಬ್ಬಳು ಗೆಳತಿ ಹೋದಳು ಅಂದೆ. ಇಷ್ಟು ವರ್ಷ ನಾನು ಆಡಿಸಿದ ಪಾತ್ರ ಅವಳು, ನಿಜವಾಗಿಯೂ ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು. ಅನ್ನ ಸಾರು ಪೂರ್ತಿ ಉಂಡೆ.

ನೋಡಿದೆಯಾ? ಕೆಟ್ಟದ್ದನ್ನು ಕೇಳಿದರೆ ನಾನು ಸಾಯುವುದಿಲ್ಲ ಕಣೋ. ಅಳುತ್ತೇನೆ, ಉಣ್ಣುತ್ತೇನೆ. ಹೋದ ಸಲ ನಾನು ಮಾತು ಬಿಟ್ಟದ್ದು ನಿಜ ತಿಳಿದದ್ದಕ್ಕಲ್ಲ. ನೀನು ದಿನಾ ‘ಏನೂ ಆಗಿಲ್ಲ, ಎಲ್ಲ ಸರಿಹೋಗುತ್ತೆ’ ಅನ್ನುತ್ತಿದ್ದೆ. ಏನೋ ಆಗಿತ್ತು. ಅದನ್ನು ನಿನ್ನ ಹತ್ತಿರ ಆಡಲು ದಾರಿಯೇ ಇರಲಿಲ್ಲ.

ಇನ್ನು ಒಂದೇ ನಿಯಮ. ಮರೆ ಬೇಡ. ಬಿದ್ದದ್ದು ಬಿದ್ದ ಹಾಗೆ ಹೇಳಬೇಕು. ಆಟದಲ್ಲೂ, ಇಲ್ಲೂ. ಒಪ್ಪಿಗೆಯಿದ್ದರೆ ಸಂಜೆ ಬಾ, ಗೋಡೆಯ ಕಡೆ ತಿರುಗುವುದಿಲ್ಲ.

ಪವಿ


ಮೈಸೂರು
17 ನವೆಂಬರ್ 2024

ಪವಿ,

ನಿನಗೆ ಪೂರ್ತಿ ಎಚ್ಚರವಾದ ಮೇಲೆ ಈ ಚೀಟಿಯನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ನರ್ಸಮ್ಮ ಒಪ್ಪಿಕೊಂಡಿದ್ದಾರೆ. ಐಸಿಯುವಿನ ಒಳಗೆ ನನ್ನನ್ನು ಬಿಡುತ್ತಿಲ್ಲ. ಅತ್ತೆ, ನಾಗೇಂದ್ರ, ಎಲ್ಲರೂ ‘ಈಗಲೇ ಹೇಳಬೇಡ, ಮಗು ಮಲಗಿದೆ ಅಂತ ಹೇಳಿಸು’ ಅನ್ನುತ್ತಿದ್ದಾರೆ. ಬಿದ್ದದ್ದು ಬಿದ್ದ ಹಾಗೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ನಿನಗೆ ರಕ್ತ ನಿಲ್ಲಲೇ ಇಲ್ಲ. ಸ್ಟ್ರೆಚರಿನಲ್ಲಿ ಒಯ್ಯುವಾಗ ನೀನು ದಾಳವನ್ನು ನನ್ನ ಅಂಗೈಗೆ ಒತ್ತಿದೆ. ನೆನಪಿದೆಯಾ? ನಾಗೇಂದ್ರ, ಪ್ರಸಾದ್ ರಕ್ತ ಕೊಟ್ಟರು. ನೀನು ಉಳಿದೆ. ಡಾಕ್ಟರಮ್ಮ ಅದನ್ನು ಖಂಡಿತವಾಗಿ ಹೇಳಿದರು.

ಹೆಣ್ಣು ಮಗು. ತುಂಬ ಚಿಕ್ಕದು. ಹುಟ್ಟಿದಾಗ ಅಳಲಿಲ್ಲ. ಆಮೇಲೆ ಒಂದು ಸಲ ಸಣ್ಣಗೆ ಅತ್ತಿತು ಎಂದರು, ನಾನು ಕೇಳಿಸಿಕೊಳ್ಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿದೆ, ಮೂಗಿಗೆ ಕೊಳವೆ ಹಾಕಿದ್ದಾರೆ. ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗುತ್ತದೆ. ಉಳಿಯುತ್ತದೆಯೇ ಎಂದು ಕೇಳಿದೆ. ಮಕ್ಕಳ ಡಾಕ್ಟರು ಉಳಿಯುತ್ತದೆ ಎನ್ನಲಿಲ್ಲ, ಇಲ್ಲ ಎಂದೂ ಎನ್ನಲಿಲ್ಲ. ‘ತಾಯಿ ಸುಧಾರಿಸಿಕೊಂಡ ಮೇಲೆ ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳಲಿ, ಬರಿಮೈಗೆ ತಾಗುವ ಹಾಗೆ, ಅದರಿಂದ ಇಂಥ ಮಕ್ಕಳ ಉಸಿರು ಸುಧಾರಿಸುತ್ತದೆ’ ಎಂದರು.

ನಿನಗೆ ಹೊಲಿಗೆ ಹಸಿ ಇದೆ, ಅಲುಗಾಡಿದರೆ ಜೀವ ಹೋಗುವಷ್ಟು ನೋವಾಗುತ್ತದೆ. ಮಲಗಿರು ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ. ನೀನೇ ಹೇಳು.

ನಾನು ಬಾಗಿಲ ಆಚೆಯೇ ಇದ್ದೇನೆ. ತುಂಬ ಹೆದರಿಕೆಯಾಗುತ್ತಿದೆ ಪವಿ. ದಾಳ ಜೇಬಿನಲ್ಲಿದೆ, ಉರುಳಿಸಿಲ್ಲ.

ನಿನ್ನ
ಕಾಂತು


18 ನವೆಂಬರ್

ಕಾಂತು,

ನರ್ಸಮ್ಮನ ಪೆನ್ನು, ನಿನ್ನದೇ ಚೀಟಿಯ ಹಿಂಭಾಗ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಬೆಳಿಗ್ಗೆ ಅಮ್ಮ ಬಂದು, ‘ಮಗ ಚೆನ್ನಾಗೈತೆ ಕಣವ್ವ, ಮಲೀಕಂಡೈತೆ’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಿನ್ನ ಚೀಟಿ ಆಗಲೇ ನನ್ನ ದಿಂಬಿನ ಕೆಳಗಿತ್ತು. ತೆಗೆದು ಓದಿ ಹೇಳಿದೆ. ಅಮ್ಮ ಜೋರಾಗಿ ಅತ್ತಳು. ಹೋದ ಸಲವೂ ನನ್ನೆದುರು ಅತ್ತಿರಲಿಲ್ಲ. ನಾನೂ ಅತ್ತೆ. ಹೊಲಿಗೆ ಎಳೆದು ಪ್ರಾಣ ಹೋದ ಹಾಗಾಯಿತು, ಹೋಗಲಿಲ್ಲ. ಆಮೇಲೆ ಅಮ್ಮ ನನಗೆ ಗಂಜಿ ಕುಡಿಸಿದಳು.

ಮಗುವಿನ ಹತ್ತಿರ ಹೋಗಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ನೋವು ತಡೆಯುವುದಾದರೆ ಕರೆದುಕೊಂಡು ಹೋಗಬಹುದು ಎಂದರು. ತಡೆಯುತ್ತೇನೆ ಎಂದೆ.

ಮುಟ್ಟುವಷ್ಟು ಹತ್ತಿರ ಇಲ್ಲದೆ ಉಸಿರು ಹಂಚಲು ಬರುವುದಿಲ್ಲ. ನಿಯಮ ಬರೆದವನು ನೀನೇ. ಗಾಲಿಕುರ್ಚಿ ತಗೊಂಡು ಬಾ, ನಾನು ಎದ್ದು ಕೂತಿದ್ದೇನೆ.

ಪವಿ